ಚೌಕದಿಂದ ವರ್ತುಲಕ್ಕೆ: ಗೋಲಗುಮ್ಮಟ, ದಫ್ ಮತ್ತು ಒಂದು ಸಮೀಕರಣ

(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮಾಡಿದ ಭಾಷಣದ ಬರಹರೂಪ)

 

ಉರ್ದು ಮತ್ತು ಕನ್ನಡ ಕಲಿಸುವ ನಾನು ಇವತ್ತು ಗಣಿತದ ಬಗ್ಗೆ ಮಾತಾಡುತ್ತೇನೆ ಎಂದಾಗ ಕಾರ್ಯದರ್ಶಿಗಳಿಗೆ ಸ್ವಲ್ಪ ಗಾಬರಿಯಾಯಿತು. ಶಿಕ್ಷಣದ ಮಹತ್ವ ಎಂಬ ವಿಷಯ ಕೊಟ್ಟಿದ್ದರು. ಆ ವಿಷಯದ ಮೇಲೆ ನಮ್ಮ ಸಭೆಗಳಲ್ಲಿ ಸಾಕಷ್ಟು ಭಾಷಣಗಳಾಗಿವೆ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಂದಿನಿಂದ ಅದರ ಅಂಕಿಸಂಖ್ಯೆಗಳನ್ನು ಓದಿ ನಿಟ್ಟುಸಿರು ಬಿಟ್ಟು ಚಹಾ ಕುಡಿದು ಹೋಗುವುದು ನಮಗೆ ರೂಢಿಯಾಗಿದೆ. ಇನ್ನೊಂದು ರೂಢಿ ಎಂದರೆ, ಅಲ್-ಜಬ್ರ್ ಎಂಬ ಶಬ್ದದಿಂದಲೇ ಆಲ್ಜೀಬ್ರಾ ಬಂತು, ಒಂಬತ್ತನೇ ಶತಮಾನದ ಬಗ್ದಾದಿನ ಅಲ್-ಖ್ವಾರಿಜ್ಮಿ ನಮ್ಮವರು ಎಂದು ಹೆಮ್ಮೆಪಡುವುದು. ಹೆಮ್ಮೆ ಇರಲಿ. ಆದರೆ ನಮ್ಮ ನಾಲ್ಕು ಊರುಗಳಲ್ಲಿ ಈ ವರ್ಷ ಎಷ್ಟು ಮಕ್ಕಳು ಗಣಿತ ತೆಗೆದುಕೊಂಡಿದ್ದಾರೆ ಎಂದು ಯಾರಾದರೂ ಕೇಳಿದರೆ ತಲೆ ಕೆಳಗೆ ಹಾಕುತ್ತೇವೆ. ಅದಕ್ಕಾಗಿ ಇವತ್ತು ಗಣಿತವನ್ನು ಹೊಗಳುವ ಬದಲು ಸ್ವಲ್ಪ ಗಣಿತವನ್ನೇ ಮಾಡೋಣ.

ಇದಕ್ಕೆ ಕಾರಣ ಒಬ್ಬ ಹುಡುಗಿ. ಉರ್ದು ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವಳು. ತಂದೆ ಮಗ್ಗದ ಕೆಲಸದವರು. ಈಗ ಬಿ.ಎಸ್ಸಿ. ಓದುತ್ತಾಳೆ. ಒಂದು ಸಂಜೆ ನೋಟ್‌ಬುಕ್ ಹಿಡಿದು ಮನೆಗೆ ಬಂದಳು. "ಟೀಚರ್, ಇದು ನನ್ನ ತಲ್ಯಾಗ ಹೋಗವಲ್ದು. ಬಿಟ್ಟಬಿಡ್ತೀನಿ. ನಿಮ್ಮ ಹಂಗ ಬಿ.ಎಡ್. ಮಾಡಿ ಮಕ್ಕಳಿಗೆ ಕಲಸ್ತೀನಿ" ಅಂದಳು. ಈ ಮಾತು ನನಗೆ ನಾಟಿತು. ನೋಟ್‌ಬುಕ್ಕಿನಲ್ಲಿ ಇದ್ದದ್ದು ಆಂಶಿಕ ಅವಕಲ ಸಮೀಕರಣ, ಅಂದರೆ ಪಾರ್ಶಿಯಲ್ ಡಿಫರೆನ್ಶಿಯಲ್ ಈಕ್ವೇಶನ್. ಅದನ್ನು ವರ್ತುಲಾಕಾರದ ವಸ್ತುವಿಗೆ ಹೊಂದಿಸಿ ಬರೆದಾಗ ನಡುವೆ "ಒನ್ ಬೈ ಆರ್" ಎಂಬ ಒಂದು ಪದ ಬರುತ್ತದೆ. ಅದು ಎಲ್ಲಿಂದ ಬಂತು ಎಂದು ಅವಳು ತರಗತಿಯಲ್ಲಿ ಕೇಳಿದ್ದಳಂತೆ. ಬಾಯಿಪಾಠ ಮಾಡು, ನಿಮ್ಮಂಥವರಿಗೆ ಅದು ಸಾಕು ಎಂಬ ಉತ್ತರ ಸಿಕ್ಕಿತ್ತು.

ನಿಜ ಹೇಳಬೇಕೆಂದರೆ ನಾನೂ ಬಿ.ಎಸ್ಸಿ. ಓದುವಾಗ ಅದನ್ನು ಬಾಯಿಪಾಠವನ್ನೇ ಮಾಡಿದ್ದೆ. ಪಾಸಾದೆ, ಮರೆತೆ. ಅವಳಿಗೆ ಆ ಸಂಜೆ ಉತ್ತರ ಹೇಳಲು ನನಗೆ ಬರಲಿಲ್ಲ. ಎರಡು ವಾರ ಹಳೆಯ ಪುಸ್ತಕ ತೆಗೆದು ಕುಳಿತೆ. ಆಮೇಲೆ ಅವಳಿಗೆ ಹೇಳಿದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ನೀವೆಲ್ಲ ಶಾಲೆಯ ಪ್ರವಾಸದಲ್ಲಿ ಗೋಲಗುಮ್ಮಟ ನೋಡಿದವರೇ. ಬಿಜಾಪುರಕ್ಕೆ 2014ರಿಂದ ವಿಜಯಪುರ ಎಂಬ ಹೆಸರಾಗಿದೆ, ಆದರೆ ನಮ್ಮ ಬಸ್ ಕಂಡಕ್ಟರ ಇನ್ನೂ ಬಿಜಾಪುರ ಅಂತಲೇ ಕೂಗುತ್ತಾನೆ. ಅದು 1656ರಲ್ಲಿ ತೀರಿಕೊಂಡ ಸುಲ್ತಾನ ಮುಹಮ್ಮದ್ ಆದಿಲ್ ಶಾಹ್‌ನ ಮಕ್ಬರಾ. ಮಲಗಿದವರ ತಲೆಯ ಮೇಲೆ ನಿಂತು ಕಿರುಚುವುದು ಒಳ್ಳೆಯದಲ್ಲ ಎಂದು ಪ್ರತಿ ಪ್ರವಾಸದಲ್ಲೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಇರಲಿ. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಏಕೆ? ಪ್ರಶ್ನೆಯನ್ನು ಹಾಗೇ ಇಟ್ಟುಕೊಳ್ಳಿ, ಕೊನೆಗೆ ಬರೋಣ.

ಮೊದಲು ಕಟ್ಟಡ ನೋಡಿ. ಕೆಳಗಿನ ಹಜಾರ ಚೌಕ. ಮೇಲಿನ ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡನೆಯದನ್ನು ಕೂಡಿಸಿದರೆ ನಾಲ್ಕು ಮೂಲೆಗಳು ಬರಿದಾಗಿ ಉಳಿಯುತ್ತವೆ. ಅದಕ್ಕೆ ಕಟ್ಟಿದವರು ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿ ಇಟ್ಟ ಹಾಗೆ ಕಮಾನುಗಳನ್ನು ಹೆಣೆದರು. ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು. ಅವುಗಳ ನಡುವೆ ಉಳಿದ ಎಂಟು ಮೂಲೆಯ ಆಕಾರದ ಮೇಲೆ ವರ್ತುಲ ಸಲೀಸಾಗಿ ಕುಳಿತಿತು. ಆ ಶಿಲ್ಪಿ ದಾಭೋಳದ ಯಾಕೂತ್ ಎಂದು ಹೇಳುತ್ತಾರೆ. ಅವನ ಮುಂದಿದ್ದ ತೊಡಕು ಚೌಕದಿಂದ ವರ್ತುಲಕ್ಕೆ ದಾಟುವುದು. ನಮ್ಮ ಹುಡುಗಿಯ ನೋಟ್‌ಬುಕ್ಕಿನಲ್ಲಿದ್ದ ತೊಡಕೂ ಅದೇ.

ಹೇಗೆ ಎಂದು ಹೇಳುತ್ತೇನೆ. ಒಂದು ದಫ್ ತೆಗೆದುಕೊಳ್ಳಿ. ಇರಾನಿನಲ್ಲಿ ಇದೇ ಜಾತಿಯ ವಾದ್ಯಕ್ಕೆ ದಾಯಿರಾ ಅನ್ನುತ್ತಾರೆ, ನಮ್ಮ ಉರ್ದುವಿನಲ್ಲಿ ದಾಯಿರಾ ಎಂದರೆ ವರ್ತುಲವೇ. ಬಡಿದಾಗ ಅದರ ಚರ್ಮದ ಪ್ರತಿಯೊಂದು ಚುಕ್ಕೆಯೂ ಮೇಲೆ ಕೆಳಗೆ ಆಡುತ್ತದೆ. ಯಾವ ನಿಯಮದಂತೆ? ನಿಯಮ ಬಹಳ ಸರಳ: ಪ್ರತಿ ಚುಕ್ಕೆಯೂ ತನ್ನ ಸುತ್ತಲಿನ ನೆರೆಯವರ ಸರಾಸರಿ ಎತ್ತರವನ್ನು ನೋಡುತ್ತದೆ. ತಾನು ಅದಕ್ಕಿಂತ ಕೆಳಗಿದ್ದರೆ ಚರ್ಮ ಅದನ್ನು ಮೇಲಕ್ಕೆ ಎಳೆಯುತ್ತದೆ, ಮೇಲಿದ್ದರೆ ಕೆಳಕ್ಕೆ. ವ್ಯತ್ಯಾಸ ಎಷ್ಟೋ ಎಳೆತವೂ ಅಷ್ಟು. ಇಷ್ಟನ್ನೇ ಗಣಿತದ ಲಿಪಿಯಲ್ಲಿ ಬರೆದರೆ ಅಲೆಯ ಸಮೀಕರಣ. ಚರ್ಮ ಎಷ್ಟು ಬಿಗಿ, ಎಷ್ಟು ಭಾರ ಎಂಬುದೂ ಅದರಲ್ಲಿ ಬರುತ್ತದೆ. ಮೊಹರಂನಲ್ಲಿ ಹಲಗಿ ಬಾರಿಸುವವರು ಹುಲ್ಲಿನ ಬೆಂಕಿಗೆ ಹಿಡಿದು ಅದನ್ನು ಕಾಸುವುದು ನೀವು ನೋಡಿದ್ದೀರಿ. ಕಾಸಿದರೆ ಚರ್ಮ ಬಿಗಿಯುತ್ತದೆ, ದನಿ ಏರುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಕಂಪನ ಎರಡು ಪಟ್ಟು.

ಈಗ ನೆರೆಯವರು ಯಾರು? ಗ್ರಾಫ್ ಹಾಳೆಯ ಮೇಲೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕು ಜನ. ಎಕ್ಸ್ ಮತ್ತು ವೈ. ಚೌಕಾಕಾರದ ವಸ್ತುವಿಗೆ ಇದು ಸರಿ. ದಫ್‌ನ ಅಂಚು ದುಂಡಗಿದೆ. ಅಂಚಿನಲ್ಲಿ ಚರ್ಮ ಅಲುಗುವುದಿಲ್ಲ ಎಂಬ ಮಾತನ್ನು ಎಕ್ಸ್-ವೈಗಳಲ್ಲಿ ಹೇಳಲು ಹೋದರೆ ಎರಡೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಗಂಟಾಗುತ್ತವೆ. ಬದಲಿಗೆ ಹೀಗೆ ಹೇಳಿ: ನಡುವಿನಿಂದ ಎಷ್ಟು ದೂರ, ಯಾವ ದಿಕ್ಕಿನಲ್ಲಿ. ದೂರಕ್ಕೆ ಆರ್, ದಿಕ್ಕಿಗೆ ಥೀಟಾ. ಹೊಸಬರಿಗೆ ನಾವು ದಾರಿ ಹೇಳುವುದೂ ಹೀಗೆಯೇ ಅಲ್ಲವೆ? ಬಸ್ ಸ್ಟ್ಯಾಂಡಿನಿಂದ ಮುಧೋಳದ ಕಡೆಗೆ ಒಂದು ಕಿಲೋಮೀಟರ್ ಅನ್ನುತ್ತೇವೆ. ಆಗ ಅಂಚಿನ ಮಾತು ಒಂದೇ ಸಾಲು: ಆರ್ ಇಷ್ಟಾದಾಗ ಅಲುಗಾಟ ಸೊನ್ನೆ. ದಿಕ್ಕಿನ ಗೊಡವೆಯೇ ಇಲ್ಲ. ಕೊಳವೆಯಂತೆ ಉದ್ದವೂ ಇದ್ದರೆ ಎತ್ತರಕ್ಕೆ ಝಡ್ ಎಂದು ಮೂರನೆಯದನ್ನು ಸೇರಿಸಿದರಾಯಿತು.

ಆದರೆ ಇದಕ್ಕೆ ಒಂದು ಬೆಲೆ ತೆರಬೇಕು. ಅದೇ ಆ "ಒನ್ ಬೈ ಆರ್".

ಚರ್ಮವನ್ನು ಒಂದರೊಳಗೊಂದು ಇಟ್ಟ ಬಳೆಗಳು ಎಂದು ತಿಳಿಯಿರಿ. ಒಂದು ಬಳೆಯನ್ನು ಒಳಗಿನ ಬಳೆಯೂ ಹೊರಗಿನ ಬಳೆಯೂ ಎಳೆಯುತ್ತಿವೆ. ಗ್ರಾಫ್ ಹಾಳೆಯಲ್ಲಿ ಎರಡೂ ಬದಿಯ ನೆರೆಯವರು ಸಮಾನರು. ಇಲ್ಲಿ ಹಾಗಲ್ಲ. ಹೊರಗಿನ ಬಳೆಯ ಸುತ್ತಳತೆ ದೊಡ್ಡದು, ಹಿಡಿತ ಹೆಚ್ಚು. ಒಳಗಿನದು ಸಣ್ಣದು, ಹಿಡಿತ ಕಡಿಮೆ. ಈ ಅಸಮಾನತೆಯ ಲೆಕ್ಕವೇ ಒನ್ ಬೈ ಆರ್. ನಡುವಿಗೆ ಹತ್ತಿರ ಬಳೆಗಳು ಚಿಕ್ಕವು, ಪಕ್ಕದ ಎರಡು ಬಳೆಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಆರ್ ಚಿಕ್ಕದು, ಒನ್ ಬೈ ಆರ್ ದೊಡ್ಡದು. ಅಂಚಿನ ಕಡೆ ಹೋದಂತೆ ಅಕ್ಕಪಕ್ಕದ ಬಳೆಗಳು ಹೆಚ್ಚುಕಡಿಮೆ ಒಂದೇ ಅಳತೆ, ಆಗ ಆ ಪದ ಸಣ್ಣದಾಗಿ ಮರೆಯಾಗುತ್ತದೆ. ಇದನ್ನು ಹೇಳುವಾಗ ನನ್ನ ಕೈಬಳೆಗಳನ್ನೇ ತೆಗೆದು ಮೇಜಿನ ಮೇಲೆ ಇಟ್ಟಿದ್ದೆ. ಹುಡುಗಿ ಬಹಳ ಹೊತ್ತು ಸುಮ್ಮನೆ ನೋಡಿ, "ಇಷ್ಟಽ ಏನ್ರಿ?" ಅಂದಳು. ಇಷ್ಟೇ.

ಮುಂದಿನ ಹೆಜ್ಜೆಗೆ ಚಲಗಳ ಬೇರ್ಪಡಿಕೆ ಎಂದು ಹೆಸರು. ಆರ್ ಒಂದನ್ನೇ ನೋಡುವ ಒಂದು ಉತ್ಪನ್ನ, ಥೀಟಾ ಒಂದನ್ನೇ ನೋಡುವ ಇನ್ನೊಂದು, ಕಾಲವನ್ನೇ ನೋಡುವ ಮತ್ತೊಂದು. ಉತ್ತರ ಈ ಮೂರರ ಗುಣಲಬ್ಧ ಎಂದು ಊಹಿಸುವುದು. ಸಮೀಕರಣದಲ್ಲಿ ಇಟ್ಟು ಸರಿಸಿದರೆ ಒಂದು ಬದಿಯಲ್ಲಿ ಥೀಟಾ ಮಾತ್ರ, ಇನ್ನೊಂದು ಬದಿಯಲ್ಲಿ ಆರ್ ಮಾತ್ರ ಉಳಿಯುತ್ತದೆ. ಈಗ ಯೋಚಿಸಿ. ಒಬ್ಬ ಜಮಖಂಡಿಯಲ್ಲಿ, ಇನ್ನೊಬ್ಬ ಬೀಳಗಿಯಲ್ಲಿ ಕುಳಿತಿದ್ದಾರೆ, ನಡುವೆ ಫೋನಿಲ್ಲ. ಪ್ರತಿಯೊಬ್ಬನೂ ತನ್ನ ಕೈಯ ಚೀಟಿಯನ್ನು ಬದಲಾಯಿಸುತ್ತಲೇ ಇರುತ್ತಾನೆ. ಆದರೂ ಇಬ್ಬರ ಉತ್ತರ ಸದಾ ಒಂದೇ. ಅದು ಸಾಧ್ಯವಾಗುವುದು ಇಬ್ಬರೂ ಚೀಟಿ ಏನೇ ಇದ್ದರೂ ಬದಲಾಗದ ಒಂದೇ ಸಂಖ್ಯೆಯನ್ನು ಹೇಳುತ್ತಿದ್ದಾಗ ಮಾತ್ರ. ಹೀಗೆ ಒಂದು ದೊಡ್ಡ ಸಮೀಕರಣ ಒಡೆದು ಸಣ್ಣ ಸಣ್ಣ ಸಮೀಕರಣಗಳಾಗುತ್ತದೆ.

ಥೀಟಾದ ಪಾಲಿನದು ಸುಲಭ. ದಫ್‌ನ ಸುತ್ತ ಒಂದು ಸುತ್ತು ಬಂದರೆ ಹೊರಟ ಜಾಗಕ್ಕೇ ಬರುತ್ತೇವೆ, ಆದ್ದರಿಂದ ಸುತ್ತಿನಲ್ಲಿ ಪೂರ್ಣಸಂಖ್ಯೆಯ ಅಲೆಗಳೇ ಕೂಡಬೇಕು. ಸೊನ್ನೆ, ಒಂದು, ಎರಡು, ಮೂರು. ಎರಡೂವರೆ ಅಲೆ ಕೂಡದು. ಬಳೆಯ ಮೇಲಿನ ಚಿತ್ತಾರ ಕೊನೆಯಲ್ಲಿ ಸರಿಯಾಗಿ ಜೋಡಿಯಾಗದಿದ್ದರೆ ಹೇಗೆ ಕಾಣುತ್ತದೆ? ಸೊನ್ನೆ ಎಂದರೆ ಚರ್ಮ ಇಡಿಯಾಗಿ ಮೇಲೆ ಕೆಳಗೆ. ಒಂದು ಎಂದರೆ ಅರ್ಧ ಮೇಲೆ, ಅರ್ಧ ಕೆಳಗೆ, ನಡುವೆ ಒಂದು ಗೆರೆ ಅಲುಗದೆ ನಿಲ್ಲುತ್ತದೆ. ಎರಡು ಎಂದರೆ ರೊಟ್ಟಿಯನ್ನು ನಾಲ್ಕು ತುಂಡು ಮಾಡಿದ ಹಾಗೆ.

ಆರ್‌ನ ಪಾಲಿನದು ಬೆಸೆಲ್ ಸಮೀಕರಣ. ಅದರ ಉತ್ತರ ಸೈನ್ ಅಲ್ಲ, ಕೊಸೈನ್ ಅಲ್ಲ, ಅವುಗಳ ದಾಯಾದಿ. ಬಾವಿಗೆ ಕಲ್ಲು ಹಾಕಿದಾಗ ಏಳುವ ಅಲೆಯಂತೆ ಏರಿಳಿಯುತ್ತ, ದೂರ ಹೋದಂತೆ ಕುಗ್ಗುತ್ತದೆ. ಮೊದಲನೆಯ ಬೆಸೆಲ್ ಉತ್ಪನ್ನ ಸೊನ್ನೆಯನ್ನು ದಾಟುವುದು 2.405, 5.520, 8.654 ಎಂಬಲ್ಲಿ. ಇವುಗಳ ನಡುವಿನ ಅಂತರ ಕಳೆದು ನೋಡಿ: 3.115, ಆಮೇಲೆ 3.134. ಮುಂದೆ ಹೋದಂತೆ ಅದು ಪೈಗೆ, ಅಂದರೆ 3.1416ಕ್ಕೆ ಹತ್ತಿರವಾಗುತ್ತ ಹೋಗುತ್ತದೆ. ನಡುವಿನಿಂದ ದೂರವಾದಂತೆ ಒನ್ ಬೈ ಆರ್ ಮರೆಯಾಗುತ್ತದೆ ಎಂದೆನಲ್ಲ, ಅದರ ಸಾಕ್ಷಿ ಇದು.

ಆ ಬೆಸೆಲ್ ಯಾರೆಂದು ವಿದ್ಯಾರ್ಥಿಗಳು ಕೇಳಬೇಕು. ಜರ್ಮನಿಯವರು, ಹುಟ್ಟಿದ್ದು 1784ರಲ್ಲಿ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ಬ್ರೆಮೆನ್ ಪಟ್ಟಣದ ಒಂದು ವ್ಯಾಪಾರದ ಪೇಢಿಯಲ್ಲಿ ಉಮೇದುವಾರರಾಗಿ ಸೇರಿದರು. ಹಡಗು ಹೋಗುವ ದಾರಿ ತಿಳಿಯಬೇಕೆಂದು ತಾವಾಗಿಯೇ ಖಗೋಳ ಮತ್ತು ಗಣಿತ ಕಲಿತರು. 1804ರಲ್ಲಿ ಹ್ಯಾಲಿ ಧೂಮಕೇತುವಿನ ಪಥದ ಲೆಕ್ಕ ಮಾಡಿ ಒಬ್ಬ ಹಿರಿಯ ವಿಜ್ಞಾನಿಗೆ ಕೊಟ್ಟರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವರು 1810ರಲ್ಲಿ ಕೋನಿಗ್ಸ್‌ಬರ್ಗ್ ವೀಕ್ಷಣಾಲಯದ ಮುಖ್ಯಸ್ಥರಾದರು. ಈ ಉತ್ಪನ್ನಗಳನ್ನು ಕ್ರಮವಾಗಿ ಅಭ್ಯಾಸ ಮಾಡಿದ್ದು 1824ರಲ್ಲಿ, ಗ್ರಹಗಳ ಲೆಕ್ಕಕ್ಕಾಗಿ. ಅವರಿಗಿಂತ ಮೊದಲೇ ಆಯ್ಲರ್ 1764ರಲ್ಲಿ ದುಂಡು ಚರ್ಮವಾದ್ಯದ ಲೆಕ್ಕದಲ್ಲೂ, ಫೂರಿಯೇ 1822ರ ಗ್ರಂಥದಲ್ಲಿ ಸಿಲಿಂಡರಿನೊಳಗಿನ ಶಾಖದ ಲೆಕ್ಕದಲ್ಲೂ ಇವನ್ನೇ ಕಂಡಿದ್ದರು. ಹೆಸರು ಮಾತ್ರ ಬೆಸೆಲ್‌ಗೆ ಹೋಯಿತು.

ಈಗ ಸಂಗೀತಕ್ಕೆ ಬರೋಣ. ಸಿತಾರಿನ ತಂತಿಯ ಕಂಪನಗಳು 1, 2, 3, 4 ಎಂಬ ಪ್ರಮಾಣದಲ್ಲಿರುತ್ತವೆ, ಅದಕ್ಕೇ ಕಿವಿಗೆ ಇಂಪು. ದಫ್‌ನಲ್ಲಿ ಬೆಸೆಲ್‌ನ ಸೊನ್ನೆಗಳೇ ಕಂಪನವನ್ನು ನಿರ್ಧರಿಸುತ್ತವೆ. ಮೊದಲನೆಯದನ್ನು ಒಂದು ಎಂದು ಹಿಡಿದರೆ ಉಳಿದವು 1.59, 2.14, 2.30, 2.65, 2.92 ಹೀಗೆ. ಒಂದಕ್ಕೊಂದು ತಾಳೆಯಿಲ್ಲ. ಸದ್ದು ಬರುತ್ತದೆ, ಸ್ವರ ನಿಲ್ಲುವುದಿಲ್ಲ. ಹಾಗಾದರೆ ತಬಲಾದಲ್ಲಿ, ಮೃದಂಗದಲ್ಲಿ ಸ್ವರ ಹೇಗೆ ಬಂತು? ನಡುವಿನ ಕಪ್ಪು ಮೆತ್ತಿಗೆಯಿಂದ. ತಬಲಾದವರು ಅದಕ್ಕೆ ಸ್ಯಾಹಿ ಅನ್ನುತ್ತಾರೆ. ಉರ್ದುವಿನಲ್ಲಿ ಸಿಯಾಹಿ ಎಂದರೆ ಕಪ್ಪು, ಮಸಿ. ನಾವು ಕನ್ನಡದಲ್ಲಿ ಪೆನ್ನಿಗೆ ಹಾಕುವ ಶಾಯಿಯೂ ಅದೇ ಶಬ್ದ. (ಭಾಷಾ ಶಿಕ್ಷಕಿ, ಇಷ್ಟು ಹೇಳದೆ ಇರಲಾರೆ.)

ಇದನ್ನು ಲೆಕ್ಕಕ್ಕೆ ತಂದವರು ಸರ್ ಸಿ.ವಿ. ರಾಮನ್. 1920ರಲ್ಲಿ ಶಿವಕಾಲಿ ಕುಮಾರ್ ಅವರೊಂದಿಗೆ ನೇಚರ್ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದರು. 1933ರಲ್ಲಿ ಬೆಂಗಳೂರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. 1934ರಲ್ಲಿ ಹೊಸದಾಗಿ ಕಟ್ಟಿದ ಇಂಡಿಯನ್ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಚರ್ಮದ ಮೇಲೆ ಸಣ್ಣ ಉಸುಕು ಉದುರಿಸಿ ಬಾರಿಸಿದರು. ಅಲುಗುವ ಜಾಗದಿಂದ ಉಸುಕು ಸಿಡಿದು ಅಲುಗದ ಗೆರೆಗಳ ಮೇಲೆ ಹೋಗಿ ಕೂಡುತ್ತದೆ. ಒಳಗಿನ ಗಣಿತ ಕಣ್ಣಿಗೇ ಕಾಣುತ್ತದೆ. ಅವರು ಕಂಡದ್ದು ಇದು: ನಡುವೆ ಭಾರ ಮೆತ್ತಿದ್ದರಿಂದ ಮೊದಲ ಒಂಬತ್ತು ಕಂಪನಗಳು ಸರಿದು ಐದು ಗುಂಪಾಗುತ್ತವೆ, ಮತ್ತು ಆ ಐದು ಗುಂಪುಗಳು 1, 2, 3, 4, 5ರ ಪ್ರಮಾಣದಲ್ಲಿ ಬರುತ್ತವೆ. 1.59 ಇದ್ದದ್ದು 2 ಆಯಿತು, 2.14 ಮತ್ತು 2.30 ಸೇರಿ 3 ಆದವು, 2.65 ಮತ್ತು 2.92 ಸೇರಿ 4. ತಬಲಾ ಕಟ್ಟುವ ಉಸ್ತಾದರು ಪದರ ಪದರವಾಗಿ ಸ್ಯಾಹಿ ಹಚ್ಚಿ, ಕಲ್ಲಿನಿಂದ ತಿಕ್ಕಿ, ಕಿವಿಗೊಟ್ಟು ಕೇಳಿ ಈ ಉತ್ತರಕ್ಕೆ ಬಂದಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ನಮ್ಮ ಶಾಲೆಗಳ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಾರೆ.

ರೈತ ಬಂಧುಗಳಿಗೂ ಒಂದು ಮಾತು. ಬೆಸೆಲ್ ಸಮೀಕರಣಕ್ಕೆ ಎರಡನೆಯ ಉತ್ತರವೊಂದಿದೆ, ಅದು ನಡುವಿನಲ್ಲಿ ಅನಂತಕ್ಕೆ ಹೋಗುತ್ತದೆ. ದಫ್‌ನ ನಡು ಹಾಗೆ ಹೋಗಲಾರದು, ಆದ್ದರಿಂದ ಅದನ್ನು ಬಿಟ್ಟುಬಿಡುತ್ತೇವೆ. ಆದರೆ ಬೋರ್‌ವೆಲ್‌ನ ನಡುವೆ ನೆಲವಿಲ್ಲ, ಕೊಳವೆ ಇದೆ. ಅಲ್ಲಿ ಆ ಬಗೆಯ ಉತ್ತರವೇ ಬೇಕು. ನೀರು ಸುತ್ತಲಿಂದ ಕೊಳವೆಗೆ ಬರುತ್ತಿದ್ದು ಮಟ್ಟ ನಿಂತಾಗ ಉತ್ತರ ಲಾಗರಿದಮ್: ಒಂದು ಅಡಿಯಿಂದ ಹತ್ತು ಅಡಿಗೆ ನೀರಿನ ಮಟ್ಟ ಎಷ್ಟು ಏರುತ್ತದೋ, ಹತ್ತರಿಂದ ನೂರು ಅಡಿಗೂ ಅಷ್ಟೇ. ಅಂದರೆ ತಗ್ಗು ಬಹಳ ದೂರದವರೆಗೆ ಚಾಚುತ್ತದೆ. ಪಕ್ಕದ ಹೊಲದ ಬಾವಿ ನಮ್ಮ ಪಂಪಿಗೆ ಇಳಿಯುವುದು ಸುಮ್ಮನೆ ಅಲ್ಲ. ಪಂಪು ಹಚ್ಚಿದ ಮೇಲೆ ಕಾಲಕ್ಕೆ ತಕ್ಕಂತೆ ಮಟ್ಟ ಹೇಗೆ ಇಳಿಯುತ್ತದೆ ಎಂಬ ಲೆಕ್ಕವನ್ನು ಅಮೆರಿಕದ ಥೈಸ್ ಎಂಬುವರು 1935ರಲ್ಲಿ ಶಾಖದ ಸಮೀಕರಣದಿಂದ ತೆಗೆದರು. ನಮ್ಮ ಕಲ್ಲುನೆಲದಲ್ಲಿ ನೀರು ಸೀಳುಗಳಲ್ಲಿ ಹರಿಯುವುದರಿಂದ ಲೆಕ್ಕ ಇಷ್ಟು ನೇರವಾಗಿ ಕೂಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಈಗ ಗುಮ್ಮಟದ ಪ್ರಶ್ನೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲೂ ಇಂಥದೇ ಗ್ಯಾಲರಿ ಇದೆ. ಮಾತು ಗುಮ್ಮಟಕ್ಕೆ ತಾಗಿ ಎದುರಿನ ಬಿಂದುವಿನಲ್ಲಿ ಕೂಡುತ್ತದೆ ಎಂದು ಹಿಂದೆ ತಿಳಿದಿದ್ದರು. ಲಾರ್ಡ್ ರ್ಯಾಲೆ ಅದನ್ನು ಒಪ್ಪಲಿಲ್ಲ. ಎದುರಿನಲ್ಲಷ್ಟೇ ಅಲ್ಲ, ಗೋಡೆಯ ಉದ್ದಕ್ಕೂ ಎಲ್ಲಿ ಕಿವಿ ಕೊಟ್ಟರೂ ಪಿಸುಮಾತು ಕೇಳುತ್ತಿತ್ತು. ಸದ್ದು ಬಾಗಿದ ಗೋಡೆಗೆ ಅಂಟಿಕೊಂಡು ತೆವಳುತ್ತದೆ ಎಂದು ಅವರು ಹೇಳಿದರು. ಬಾಗಿಸಿದ ತಗಡಿನ ಸಣ್ಣ ಮಾದರಿ ಮಾಡಿ, ಒಂದು ತುದಿಯಲ್ಲಿ ಸೀಟಿ, ಇನ್ನೊಂದರಲ್ಲಿ ಸದ್ದಿಗೆ ಅದುರುವ ಜ್ವಾಲೆ ಇಟ್ಟರು. ತಗಡಿಗೆ ತಾಗಿಸಿ ಒಂದು ಚಿಕ್ಕ ಅಡ್ಡಪಟ್ಟಿ ಇಟ್ಟೊಡನೆ ಜ್ವಾಲೆ ಸುಮ್ಮನಾಯಿತು. 1910ರಲ್ಲಿ ಇದರ ಗಣಿತ ಬರೆದರು, ಅದೂ ಬೆಸೆಲ್ ಉತ್ಪನ್ನಗಳಲ್ಲೇ. 1921ರಲ್ಲಿ ರಾಮನ್ ಲಂಡನ್ನಿಗೆ ಹೋದಾಗ ಸೇಂಟ್ ಪಾಲ್ಸ್‌ನಲ್ಲಿ ತಾವೇ ಪರೀಕ್ಷಿಸಿ ಬರೆದದ್ದೂ ಉಂಟು.

ನಮ್ಮ ಗುಮ್ಮಟದ ಲೆಕ್ಕ ಆ ಹುಡುಗಿಯೇ ಮಾಡಿದಳು. ಒಳವ್ಯಾಸ 37.92 ಮೀಟರ್, ಸುತ್ತಳತೆ ಸುಮಾರು 119 ಮೀಟರ್. ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್ ಎಂದು ಹಿಡಿಯಿರಿ. ಸೆಕೆಂಡಿಗೆ 1000 ಕಂಪನದ ಸದ್ದಿನ ಅಲೆಯುದ್ದ 34 ಸೆಂಟಿಮೀಟರ್. ಹಾಗಾದರೆ ಸುತ್ತಿನಲ್ಲಿ 350 ಅಲೆಗಳು. ದಫ್‌ನಲ್ಲಿ ಸೊನ್ನೆ, ಒಂದು, ಎರಡು ಎಂದೆವು, ಇಲ್ಲಿ 350! ಅಷ್ಟು ದೊಡ್ಡ ಸಂಖ್ಯೆಯ ಬೆಸೆಲ್ ಉತ್ಪನ್ನ ನಡುವಿನಿಂದ ಬಹುದೂರದವರೆಗೆ ಹೆಚ್ಚುಕಡಿಮೆ ಸೊನ್ನೆಯಾಗಿಯೇ ಇದ್ದು, ಗೋಡೆಯ ಹತ್ತಿರ ಬಂದಾಗ ಮಾತ್ರ ಏಳುತ್ತದೆ. ಏಳುವ ಪಟ್ಟಿಯ ಅಗಲ ಅರ್ಧ ಮೀಟರಿನ ಆಸುಪಾಸು, ದನಿ ಹೆಚ್ಚು ಕಂಪನದ್ದಾದರೆ ಇನ್ನೂ ಕಡಿಮೆ. ಪಿಸುಮಾತಿನಲ್ಲಿ ಹೆಚ್ಚು ಕಂಪನದ ಸದ್ದುಗಳೇ ಹೆಚ್ಚಾದ್ದರಿಂದ ಅದು ಗೋಡೆಗೆ ಇನ್ನಷ್ಟು ಅಂಟುತ್ತದೆ. ಬಯಲಲ್ಲಿ ಎಲ್ಲ ಕಡೆ ಚದುರಿ ಹೋಗುವ ಸದ್ದು ಇಲ್ಲಿ ಗೋಡೆಯ ಪಟ್ಟಿಯಲ್ಲೇ ಉಳಿದು ಆಚೆ ಬದಿಗೆ ಮುಟ್ಟುತ್ತದೆ. ಗುಮ್ಮಟ ಸಿಲಿಂಡರ್ ಅಲ್ಲ, ಮೇಲೆ ಬಾಗಿದೆ. ಪೂರ್ತಿ ಲೆಕ್ಕ ಇದಕ್ಕಿಂತ ದೊಡ್ಡದು. ಮೊದಲ ಅಂದಾಜಿಗೆ ಇದು ಸಾಕು.

ಈ ಲೆಕ್ಕವನ್ನು ಅವಳು ಬರೆದದ್ದು ಕಾಲೇಜು ಬಿಡುವ ಅರ್ಜಿಯ ಹಿಂಬದಿಯಲ್ಲಿ. ಅರ್ಜಿ ಇನ್ನೂ ಕೊಟ್ಟಿಲ್ಲ. ಎಮ್.ಎಸ್ಸಿ.ಗೆ ಕಳಿಸುವುದೋ ಇಲ್ಲವೋ ಎಂಬ ಮಾತು ಮನೆಯಲ್ಲಿ ನಡೆದಿದೆ. ಅವಳ ಅಬ್ಬಾ ಈ ಸಭೆಯಲ್ಲಿ ಕುಳಿತಿದ್ದಾರೆ, ಹೆಚ್ಚು ಹೇಳುವುದಿಲ್ಲ. ಸಂಸ್ಥೆಯವರಲ್ಲಿ ಒಂದೇ ಕೋರಿಕೆ: ವಿದ್ಯಾರ್ಥಿವೇತನದ ಯಾದಿ ಮಾಡುವಾಗ ಬಿ.ಎಸ್ಸಿ. ಮುಗಿದ ಮೇಲೆ ಮುಂದೆ ಓದುವ ಹೆಣ್ಣುಮಕ್ಕಳಿಗೆ ಒಂದು ಸಾಲು ಇಡಿ. ಊರಿಂದ ಊರಿಗೆ ಹೋಗುವ ಬಸ್ಸಿನ ಖರ್ಚು, ಹಾಸ್ಟೆಲ್ಲಿನ ಖರ್ಚು ಅಷ್ಟೇ ಕೇಳುತ್ತಿದ್ದೇನೆ.

ಮುಂದಿನ ಪ್ರವಾಸದಲ್ಲಿ ವಿದ್ಯಾರ್ಥಿಗಳು ಒಂದು ಪರೀಕ್ಷೆ ಮಾಡಿ. ಗ್ಯಾಲರಿ ಸುಮಾರು 11 ಅಡಿ ಅಗಲವಿದೆ. ಒಬ್ಬರು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಲಿ. ಇನ್ನೊಬ್ಬರು ಮೊದಲು ಗೋಡೆಗೆ ಕಿವಿ ಹಚ್ಚಿ ಕೇಳಲಿ, ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಯಲಿ. ದನಿ ಎಲ್ಲಿ ಕುಗ್ಗಿತು ಎಂದು ಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಕಠಡಾದ ಹತ್ತಿರ ಹುಷಾರು, ಮತ್ತು ಮೊದಲು ಕೆಳಗೆ ಫಾತಿಹಾ ಓದಿ ಬನ್ನಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ಮೇಜಿನ ಮೇಲೆ ಒಂದು ದಫ್ ಇಟ್ಟಿದ್ದೇನೆ, ಪಕ್ಕದಲ್ಲಿ ಜರಡಿ ಹಿಡಿದ ಉಸುಕು. ನಡುವೆ ಬೆರಳು ಹಗುರಾಗಿ ಇಟ್ಟು ಬದಿಗೆ ತಟ್ಟಬೇಕು, ನಡುಗೆರೆಯ ಮೇಲೆ ಉಸುಕು ನಿಲ್ಲುತ್ತದೆ. ಸಭೆ ಮುಗಿದ ಕೂಡಲೇ ಹುಡುಗಿಯರು ಮೊದಲು ಬನ್ನಿ, ಹುಡುಗರು ಆಮೇಲೆ. ಅಸ್ಸಲಾಮು ಅಲೈಕುಮ್.